ಮಕ್ಕಳ ಕೈಗೆ ಪ್ರಶ್ನೆ ಕೊಡೋಣ

ನವೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆಗಳ ಸಾಲು ಶುರುವಾಗುತ್ತದೆ. 9ರಂದು ರಾಷ್ಟ್ರೀಯ ಕಾನೂನು ಸೇವೆಗಳ ದಿನ, 14ರಂದು ಮಕ್ಕಳ ದಿನ, 26ರಂದು ಸಂವಿಧಾನ ದಿನ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದಲೋ, ಶಿಕ್ಷಣ ಇಲಾಖೆಯಿಂದಲೋ, ಊರಿನ ಯಾವುದಾದರೂ ಸಂಘದಿಂದಲೋ ಶಾಲೆಗೆ ಪತ್ರ ಬರುತ್ತದೆ. ಆರು, ಏಳು, ಎಂಟನೇ ತರಗತಿಯ ಮಕ್ಕಳನ್ನು ಒಂದು ಕೊಠಡಿಯಲ್ಲಿ ಕೂರಿಸಿ ಹಾಳೆ ಹಂಚುತ್ತಾರೆ. ಕರಿಹಲಗೆಯ ಮೇಲೆ ವಿಷಯ ಬರೆಯುತ್ತಾರೆ: ‘ಭಾರತ ಸಂವಿಧಾನದ ಮಹತ್ವ’, ‘ಮೂಲಭೂತ ಕರ್ತವ್ಯಗಳು’, ‘ಉತ್ತಮ ಪ್ರಜೆಯ ಲಕ್ಷಣಗಳು’.

ಮಕ್ಕಳು ಶ್ರದ್ಧೆಯಿಂದಲೇ ಬರೆಯುತ್ತಾರೆ. ಆದರೆ ಐವತ್ತು ಪ್ರಬಂಧಗಳನ್ನು ಒಟ್ಟಿಗೆ ಓದಿದವರಿಗೆ ಗೊತ್ತು, ಐವತ್ತೂ ಒಂದೇ ಪ್ರಬಂಧ. ಪ್ರಪಂಚದ ಅತಿ ದೊಡ್ಡ ಲಿಖಿತ ಸಂವಿಧಾನ ನಮ್ಮದು ಎಂದು ಶುರು, ಅದನ್ನು ಗೌರವಿಸುವುದು ನಮ್ಮೆಲ್ಲರ ಕರ್ತವ್ಯ ಎಂದು ಮುಕ್ತಾಯ. ನಡುವೆ ಗೈಡಿನಿಂದಲೋ ಮೊಬೈಲಿನಿಂದಲೋ ಬಾಯಿಪಾಠ ಮಾಡಿಕೊಂಡು ಬಂದ ಸಾಲುಗಳು. ಕೊನೆಗೆ ಬಹುಮಾನ ನಿರ್ಧಾರವಾಗುವುದು ದುಂಡಗಿನ ಅಕ್ಷರದ ಮೇಲೆ. ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ‘ಮಹತ್ವ’ ಬರೆ ಎಂದರೆ ಹೊಗಳುವುದು ಬಿಟ್ಟು ಮಗುವಿಗೆ ಬೇರೆ ದಾರಿಯೇ ಇರುವುದಿಲ್ಲ.

ಕಾನೂನು ಮತ್ತು ಪೌರನೀತಿಯ ಪ್ರಬಂಧ ಸ್ಪರ್ಧೆ ನಮ್ಮಲ್ಲಿ ಸಿಗುವ ಅಪರೂಪದ ಅವಕಾಶ. ಅದನ್ನು ನೆನಪಿನ ಶಕ್ತಿಯ ಪರೀಕ್ಷೆಗೆ ಬಳಸಿ ಮುಗಿಸಬಾರದು. ಮಗು ಯೋಚಿಸಿ ಒಂದು ನಿಲುವಿಗೆ ಬರುವಂತೆ ಮಾಡಬೇಕು. ಅದಕ್ಕೆ ಹೆಚ್ಚಿನ ದುಡ್ಡು ಬೇಡ, ದೊಡ್ಡ ತಯಾರಿಯೂ ಬೇಡ. ಕರಿಹಲಗೆಯ ಮೇಲಿನ ಆ ಒಂದು ಸಾಲು ಬದಲಾದರೆ ಸಾಕು. ವಿಷಯದ ಜಾಗದಲ್ಲಿ ಎರಡು ಕಡೆಯಿಂದಲೂ ವಾದಿಸಬಹುದಾದ, ಮಗುವಿನ ಬದುಕಿಗೆ ತಾಗುವ ಒಂದು ಪ್ರಶ್ನೆ ಬರಬೇಕು.

ಈ ವಯಸ್ಸಿನವರಿಗೆ ಅದು ಭಾರವಾಗುತ್ತದೆ ಎನ್ನುವವರಿದ್ದಾರೆ. ಆದರೆ ನಮ್ಮ ಕಾನೂನು ಈ ವಯಸ್ಸನ್ನು ಬಹಳ ಗಂಭೀರವಾಗಿಯೇ ತೆಗೆದುಕೊಂಡಿದೆ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. 14 ದಾಟದ ಮಕ್ಕಳನ್ನು ಕಾರ್ಖಾನೆ, ಗಣಿ ಮುಂತಾದ ಅಪಾಯದ ಕೆಲಸಗಳಿಗೆ ಹಚ್ಚಬಾರದೆಂದು 24ನೇ ವಿಧಿ ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮನೆಯ ಆದಾಯ ಎಷ್ಟೇ ಇದ್ದರೂ ಮಗುವಿಗೆ ಉಚಿತ ಕಾನೂನು ನೆರವು ಸಿಗಬೇಕು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ ಜಾರಿಗೆ ಬಂದ 61ನೇ ತಿದ್ದುಪಡಿಯಿಂದ. ಎಂದರೆ ಇಂದಿನ ಏಳನೇ ತರಗತಿಯ ಹುಡುಗಿ ಐದಾರು ವರ್ಷಗಳಲ್ಲಿ ಮತಗಟ್ಟೆಯ ಮುಂದೆ ನಿಲ್ಲುತ್ತಾಳೆ. ಅಷ್ಟರೊಳಗೆ ಒಂದು ಸಲವಾದರೂ ಸಾರ್ವಜನಿಕ ವಿಷಯವೊಂದನ್ನು ಎರಡೂ ಕಡೆಯಿಂದ ತೂಗಿ ನೋಡಿ, ತನ್ನ ಮಾತಿಗೆ ಕಾರಣ ಕೊಟ್ಟು ಬರೆದಿರಬೇಕಲ್ಲವೇ?

ತೀರ್ಪಿಗೆ ಮುಂಚೆ ಮಗು ಬರೆಯಲಿ

ಒಳ್ಳೆಯ ಪ್ರಶ್ನೆ ಎಂದರೆ ಎಂಥದ್ದು? ನಮ್ಮ ನ್ಯಾಯಾಲಯಗಳ ಕಡತಗಳಲ್ಲಿ ಶಾಲಾ ಮಕ್ಕಳದ್ದೇ ಕಥೆಗಳಿವೆ. ಅವುಗಳಲ್ಲಿ ಒಂದನ್ನು ನೋಡೋಣ.

1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳು ಓದುತ್ತಿದ್ದರು. ಅವರಲ್ಲಿ ಕಿರಿಯ ಮಗು ಐದನೇ ತರಗತಿಯಲ್ಲಿತ್ತು. ಮನೆಯವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಈ ಮಕ್ಕಳು ಎದ್ದು ಗೌರವದಿಂದ ನಿಲ್ಲುತ್ತಿದ್ದರು. ತಮ್ಮ ನಂಬಿಕೆಗೆ ಹೊಂದುವುದಿಲ್ಲವೆಂದು ಹಾಡುತ್ತಿರಲಿಲ್ಲ. ಶಾಸಕರೊಬ್ಬರ ಕಣ್ಣಿಗೆ ಇದು ಬಿತ್ತು, ವಿಧಾನಸಭೆಯಲ್ಲಿ ಮಾತು ಎದ್ದಿತು. ವಿಚಾರಣೆ ನಡೆಸಿದ ಆಯೋಗ ಮಕ್ಕಳು ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟಿತು. ಆದರೂ ಮೇಲಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಕೇರಳ ಹೈಕೋರ್ಟಿನಲ್ಲಿ ಮಕ್ಕಳಿಗೆ ಸೋಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು.

ಇಲ್ಲಿಗೆ ನಿಲ್ಲಿಸಿ ಮಕ್ಕಳಿಗೆ ಹಾಳೆ ಕೊಡಬೇಕು. ‘ನೀನು ನ್ಯಾಯಾಧೀಶನಾಗಿದ್ದರೆ ಏನು ಹೇಳುತ್ತಿದ್ದೆ? ಶಾಲೆಯ ಪರವಾಗಿ ಇರುವ ಬಲವಾದ ಮಾತು ಯಾವುದು? ಮಕ್ಕಳ ಪರವಾಗಿ ಇರುವ ಬಲವಾದ ಮಾತು ಯಾವುದು?’ ಇದಕ್ಕೆ ಬಾಯಿಪಾಠದ ಉತ್ತರವಿಲ್ಲ. ಒಂದು ಮಗು ಶಾಲೆಯಲ್ಲಿ ಎಲ್ಲರಿಗೂ ಒಂದೇ ನಿಯಮ ಇರಬೇಕು ಎನ್ನಬಹುದು. ಇನ್ನೊಂದು, ಗೌರವ ಬಾಯಲ್ಲೇ ಇರಬೇಕೆ, ಎದ್ದು ನಿಂತರೆ ಸಾಲದೇ ಎನ್ನಬಹುದು. ಎರಡೂ ಯೋಚಿಸಿದ ಮಾತುಗಳೇ.

ಬರವಣಿಗೆ ಮುಗಿದ ಮೇಲೆ ಶಿಕ್ಷಕರು ತೀರ್ಪನ್ನು ಹೇಳಲಿ. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ. ಎಂ. ದತ್ ಅವರ ಪೀಠ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಪೀಠ ಮೊದಲು ನೋಡಿದ್ದು ಒಂದು ಸರಳ ಸಂಗತಿಯನ್ನು: ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ಯಾವ ಕಾನೂನು ಹೇಳುತ್ತದೆ? 1971ರ ರಾಷ್ಟ್ರೀಯ ಗೌರವ ಕಾಯ್ದೆ ಶಿಕ್ಷಿಸುವುದು ಹಾಡುವವರನ್ನು ತಡೆಯುವವರನ್ನು, ಹಾಡುವಲ್ಲಿ ಗಲಾಟೆ ಮಾಡುವವರನ್ನು. ಈ ಮಕ್ಕಳು ಅದೊಂದನ್ನೂ ಮಾಡಿರಲಿಲ್ಲ. ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಶಾಸನದ ಬಲವಿರಲಿಲ್ಲ. ಮಾತಿನ ಸ್ವಾತಂತ್ರ್ಯದ 19ನೇ ವಿಧಿ, ಆತ್ಮಸಾಕ್ಷಿಯ ಸ್ವಾತಂತ್ರ್ಯದ 25ನೇ ವಿಧಿ ಎರಡನ್ನೂ ಸುತ್ತೋಲೆಯೊಂದರಿಂದ ಮೊಟಕು ಮಾಡಲಾಗದು ಎಂದಿತು ನ್ಯಾಯಾಲಯ.

ಈ ಒಂದು ಪ್ರಕರಣದಿಂದ ಮಗು ಎಷ್ಟು ಕಲಿಯುತ್ತದೆ ನೋಡಿ. ಸುತ್ತೋಲೆ ಬೇರೆ, ಕಾಯ್ದೆ ಬೇರೆ, ಇವೆರಡಕ್ಕಿಂತ ಸಂವಿಧಾನ ಮೇಲೆ. ಹೈಕೋರ್ಟಿನಲ್ಲಿ ಸೋತವರು ಮೇಲಿನ ನ್ಯಾಯಾಲಯದಲ್ಲಿ ಗೆಲ್ಲಬಹುದು. ಹೆಚ್ಚು ಜನ ಒಪ್ಪದ ನಂಬಿಕೆಯವರಿಗೂ ಹಕ್ಕುಗಳಿವೆ. 19 ಮತ್ತು 25ನೇ ವಿಧಿಗಳನ್ನು ಹತ್ತು ಸಲ ಉರು ಹೊಡೆದರೂ ಈ ತಿಳಿವಳಿಕೆ ಬರುವುದಿಲ್ಲ.

ಒಂದು ದೂರು ಹಕ್ಕಾದ ಬಗೆ

ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಿಳಿಸಲೇಬೇಕಾದ ಇನ್ನೊಂದು ಕಥೆ ಕರ್ನಾಟಕದಲ್ಲೇ ಶುರುವಾದದ್ದು. ಉತ್ತರ ಪ್ರದೇಶದ ಮೀರಠ್‌ನ ವಿದ್ಯಾರ್ಥಿನಿಯೊಬ್ಬರು ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೇರಲು ಬಂದರು. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕ. ಹೊರರಾಜ್ಯದವರಿಂದ 60,000 ರೂಪಾಯಿವರೆಗೆ ಪಡೆಯಬಹುದಿತ್ತು. ಅಷ್ಟು ಹಣ ಕಟ್ಟುವ ಶಕ್ತಿ ಆ ಮನೆಗೆ ಇರಲಿಲ್ಲ. ಸೀಟು ಸಿಗಲಿಲ್ಲ. ಆಕೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು.

1992ರಲ್ಲಿ ಬಂದ ತೀರ್ಪು ‘ಮೋಹಿನಿ ಜೈನ್ ಪ್ರಕರಣ’ ಎಂದೇ ಹೆಸರಾಗಿದೆ. ಘನತೆಯಿಂದ ಬದುಕುವ ಹಕ್ಕಿನಲ್ಲಿ ಶಿಕ್ಷಣದ ಹಕ್ಕೂ ಸೇರಿದೆ ಎಂದಿತು ನ್ಯಾಯಾಲಯ. ಮರುವರ್ಷ, 1993ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ದೊಡ್ಡ ಪೀಠ ಇದನ್ನು ಮತ್ತೆ ಪರಿಶೀಲಿಸಿ, 14 ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು, ಅದರಾಚೆಯದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದು ಗೆರೆ ಎಳೆಯಿತು. 2002ರಲ್ಲಿ 86ನೇ ತಿದ್ದುಪಡಿಯ ಮೂಲಕ ಸಂಸತ್ತು 21ಎ ವಿಧಿಯನ್ನು ಸೇರಿಸಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಾಯಿತು, 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ವೈದ್ಯಕೀಯ ಸೀಟಿಗಾಗಿ ನಡೆದ ಹೋರಾಟದ ಫಲ ಒಂದನೇ ತರಗತಿಯ ಮಗುವಿನವರೆಗೆ ಬಂದು ಮುಟ್ಟಿತು.

ಈ ಕಥೆ ಹೇಳಿ ಕೇಳಬೇಕಾದ ಪ್ರಶ್ನೆ: ‘14 ವರ್ಷಕ್ಕೇ ಈ ಹಕ್ಕು ನಿಲ್ಲಬೇಕೆ? ಹತ್ತನೇ ತರಗತಿ, ಪಿಯುಸಿವರೆಗೆ ಬೇಡವೇ? ಬೇಕೆಂದರೆ ಅದರ ಖರ್ಚು ಯಾರದು?’ ಎಂಟನೇ ತರಗತಿ ಮುಗಿಸಿದ ಅಕ್ಕ ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿರುವುದನ್ನು ಕಂಡ ತಂಗಿಗೆ ಇದು ದೂರದ ವಿಷಯವಲ್ಲ. ಅವಳಲ್ಲಿ ಬರೆಯುವುದಕ್ಕೆ ಬೇಕಾದಷ್ಟಿದೆ.

ಮನೆಯಂಗಳದ ಕಾನೂನು

ಪ್ರಶ್ನೆ ನ್ಯಾಯಾಲಯದಿಂದಲೇ ಬರಬೇಕೆಂದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು. ವಾಹನ ಓಡಿಸಿದವರಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗದು. ತಮಗೆ ತಿಳಿಯದಂತೆ ಮಗು ವಾಹನ ಒಯ್ದಿತು, ಅಥವಾ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆವು ಎಂದು ಸಾಬೀತು ಮಾಡಿದರೆ ದೊಡ್ಡವರು ಶಿಕ್ಷೆಯಿಂದ ಪಾರಾಗಬಹುದು. ಮಗ ಮಾಡಿದ ತಪ್ಪಿಗೆ ಅಪ್ಪನಿಗೆ ಶಿಕ್ಷೆಯಾಗುವುದು ನ್ಯಾಯವೇ? ಬಸ್ಸಿಲ್ಲದ ಊರಿನಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಸ್ಕೂಟರ್ ಹತ್ತಿದ ಹುಡುಗನನ್ನೂ, ಶೋಕಿಗೆ ಹತ್ತಿದ ಹುಡುಗನನ್ನೂ ಕಾನೂನು ಒಂದೇ ರೀತಿ ನೋಡಬೇಕೆ? ಹದಿಮೂರರ ಹುಡುಗರಿಗೆ ಇದಕ್ಕಿಂತ ಹತ್ತಿರದ ಕಾನೂನಿಲ್ಲ.

ಮಲೆನಾಡಿನ ಶಾಲೆಗೆ ಅಡಿಕೆ ಸುಲಿಯುವ ಕಾಲದ ಪ್ರಶ್ನೆ ಹೊಂದುತ್ತದೆ, ಬಯಲುಸೀಮೆಗೆ ರಾಗಿ ಕೊಯ್ಲಿನ ಕಾಲದ ಪ್ರಶ್ನೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದು ಎಂದಾಯಿತು. ಜೊತೆಗೆ ಒಂದು ವಿನಾಯಿತಿಯೂ ಬಂತು: ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ಮಗು ನೆರವಾಗಬಹುದು. ಮನೆಗೆ ನೆರವಾಗುವುದು ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ಶುರುವಾಗುತ್ತದೆ? ರಾತ್ರಿ ಹತ್ತರವರೆಗೆ ಹೂ ಕಟ್ಟಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗಿ ವಿನಾಯಿತಿಯ ಒಳಗಿದ್ದಾಳೋ ಹೊರಗಿದ್ದಾಳೋ? ಈ ಗೆರೆಯ ಬಗ್ಗೆ ತಜ್ಞರೇ ವಾದ ಮಾಡಿದ್ದಾರೆ. ಆ ಗೆರೆಯ ಮೇಲೆ ದಿನವೂ ನಡೆಯುವ ಮಗುವಿನ ಮಾತನ್ನು ನಾವು ಕೇಳಿಲ್ಲ.

ಶಾಲೆಯನ್ನೇ ಅಳೆಯಲಿ

ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆ ಎಂದರೆ ಏನೇನು ಇರಬೇಕು ಎಂದು ಅದು ಪಟ್ಟಿ ಮಾಡುತ್ತದೆ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಆಟದ ಮೈದಾನ, ಬಿಸಿಯೂಟದ ಅಡುಗೆಮನೆ, ಅಂಗವಿಕಲ ಮಕ್ಕಳೂ ತಡೆಯಿಲ್ಲದೆ ಒಳಗೆ ಬರುವ ದಾರಿ, ಸುತ್ತ ಕಾಂಪೌಂಡ್ ಅಥವಾ ಬೇಲಿ. ಕಥೆಪುಸ್ತಕಗಳೂ ದಿನಪತ್ರಿಕೆಯೂ ಇರುವ ಗ್ರಂಥಾಲಯ. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು, ವರ್ಷಕ್ಕೆ 220 ದಿನ ಪಾಠ. ಮಕ್ಕಳಿಗೆ ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಎಂದು 17ನೇ ಸೆಕ್ಷನ್ ಹೇಳುತ್ತದೆ.

ಈ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು, ‘ನಮ್ಮ ಶಾಲೆ ಕಾನೂನಿನ ಅಳತೆಗೆ ಎಷ್ಟು ಹೊಂದುತ್ತದೆ? ಕೊರತೆ ಇದ್ದರೆ ಯಾರನ್ನು ಕೇಳಬೇಕು?’ ಎಂದು ಬರೆಸಿದರೆ ಅದು ಪ್ರಬಂಧವೂ ಆಯಿತು, ಸಮೀಕ್ಷೆಯೂ ಆಯಿತು. ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಮಗು ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ, ಕ್ಷೇತ್ರ ಶಿಕ್ಷಣಾಧಿಕಾರಿ ಎಂಬ ಹೆಸರುಗಳ ಹಿಂದೆ ಯಾರು ಯಾವ ಕೆಲಸ ಮಾಡುತ್ತಾರೆಂದು ತಿಳಿಯುತ್ತದೆ.

ಮಾಹಿತಿ ಹಕ್ಕು ಕಾಯ್ದೆಯನ್ನೂ ಇಲ್ಲಿಯೇ ಪರಿಚಯಿಸಬಹುದು. 2005ರ ಈ ಕಾಯ್ದೆ ಮಾಹಿತಿ ಕೇಳುವ ಹಕ್ಕನ್ನು ನಾಗರಿಕರೆಲ್ಲರಿಗೂ ಕೊಟ್ಟಿದೆ, ವಯಸ್ಸಿನ ಮಿತಿ ಹಾಕಿಲ್ಲ. 2012ರಲ್ಲಿ ಲಖನೌದ ಶಾಲಾ ಬಾಲಕಿಯೊಬ್ಬಳು ಗಾಂಧೀಜಿಯವರಿಗೆ ರಾಷ್ಟ್ರಪಿತ ಎಂಬ ಬಿರುದು ಕೊಟ್ಟ ಆದೇಶ ಯಾವುದು ಎಂದು ಕೇಂದ್ರ ಸರ್ಕಾರವನ್ನೇ ಕೇಳಿದಳು. ಶಿಕ್ಷಣ ಮತ್ತು ಸೇನೆಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೆ ಬಿರುದು ಕೊಡಲು ಸಂವಿಧಾನದ 18ನೇ ವಿಧಿ ಅವಕಾಶ ಕೊಡುವುದಿಲ್ಲ ಎಂಬ ಉತ್ತರ ಗೃಹ ಸಚಿವಾಲಯದಿಂದ ಬಂತು. ಒಂದು ಪುಟ್ಟ ಪ್ರಶ್ನೆ ದೇಶಕ್ಕೆಲ್ಲ 18ನೇ ವಿಧಿಯನ್ನು ನೆನಪಿಸಿತು. ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳೊಳಗೆ ಇರಬೇಕು. ಬೇಕಾದದ್ದನ್ನು ಅಷ್ಟರೊಳಗೆ ಸ್ಪಷ್ಟವಾಗಿ ಕೇಳುವುದು ಎಂಟನೇ ತರಗತಿಗೆ ಹೇಳಿ ಮಾಡಿಸಿದ ಬರವಣಿಗೆಯ ಅಭ್ಯಾಸ.

ಅಂಕ ಯಾವುದಕ್ಕೆ?

ಪ್ರಶ್ನೆ ಬದಲಾದರೆ ಅಂಕ ಕೊಡುವ ಕ್ರಮವೂ ಬದಲಾಗಬೇಕು. ನಾಲ್ಕು ಸಂಗತಿಗಳನ್ನು ನೋಡಿದರೆ ಸಾಕು. ಕೊಟ್ಟ ಕಾನೂನನ್ನು ಮಗು ಸರಿಯಾಗಿ ಅರ್ಥ ಮಾಡಿಕೊಂಡಿದೆಯೇ? ತಾನು ಒಪ್ಪದ ಕಡೆಯ ವಾದವನ್ನೂ ನ್ಯಾಯವಾಗಿ ಹೇಳಿದೆಯೇ? ತನ್ನ ನಿಲುವಿಗೆ ಕಾರಣ ಕೊಟ್ಟಿದೆಯೇ? ತಾನು ಕಂಡದ್ದು, ಕೇಳಿದ್ದು ಒಂದಾದರೂ ಬರವಣಿಗೆಯಲ್ಲಿ ಇದೆಯೇ? ಇವುಗಳಲ್ಲಿ ಹೆಚ್ಚು ತೂಕ ಎರಡನೆಯದಕ್ಕೆ ಸಿಗಬೇಕು. ಎದುರಾಳಿಯ ಮಾತನ್ನು ತಿರುಚದೆ ಹೇಳಿ ಆಮೇಲೆ ಉತ್ತರಿಸುವ ಶಿಸ್ತು ನಮ್ಮ ಸಾರ್ವಜನಿಕ ಬದುಕಿನಲ್ಲಿ ದಿನದಿನಕ್ಕೂ ಕಡಿಮೆಯಾಗುತ್ತಿದೆ. ಅದನ್ನು ಹನ್ನೆರಡರ ವಯಸ್ಸಿನಲ್ಲಿ ಕಲಿಸದೆ ಇನ್ನು ಯಾವಾಗ ಕಲಿಸುವುದು?

ಅಕ್ಷರದ ಅಂದಕ್ಕೆ, ಕಾಗುಣಿತಕ್ಕೆ ಇಲ್ಲಿ ಅಂಕ ಕಳೆಯಬಾರದು. ನಮ್ಮ ಶಾಲೆಗಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ, ಕೊಡವ, ಮರಾಠಿ ಆಡುವ ಮಕ್ಕಳಿದ್ದಾರೆ. ದುಡಿಮೆಗೆಂದು ದೂರದಿಂದ ಬಂದವರ ಮಕ್ಕಳಿದ್ದಾರೆ. ನ್ಯಾಯ ಅನ್ಯಾಯದ ಬಗ್ಗೆ ಅವರಿಗೆ ಹೇಳಲು ಬೇಕಾದಷ್ಟು ಇರುತ್ತದೆ. ಅಲ್ಪಪ್ರಾಣ ಮಹಾಪ್ರಾಣದ ತಪ್ಪಿಗೆ ಆ ಮಾತು ಸೋಲಬಾರದು. ಬರೆಯಲು ಕಷ್ಟಪಡುವ ಮಗುವಿಗೆ ಬಾಯಿಮಾತಿನಲ್ಲಿ ಹೇಳುವ ಅವಕಾಶವೂ ಇರಲಿ. ತೀರ್ಪುಗಾರರಲ್ಲಿ ಕನ್ನಡ ಮೇಷ್ಟ್ರ ಜೊತೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರೊಬ್ಬರು ಇದ್ದರೆ, ಬಹುಮಾನ ಹಂಚಿದ ಮೇಲೆ ಅರ್ಧ ಗಂಟೆ ಮಕ್ಕಳೊಂದಿಗೆ ಚರ್ಚೆಯನ್ನೂ ನಡೆಸಬಹುದು.

ನಕಲಿನ ಚಿಂತೆಗೂ ಇದರಲ್ಲೇ ಮದ್ದಿದೆ. ಈಗ ಮೊಬೈಲಿಗೆ ಕೇಳಿದರೆ ಕ್ಷಣದಲ್ಲಿ ಸಂವಿಧಾನದ ಮಹತ್ವದ ಬಗ್ಗೆ ಇಡೀ ಪ್ರಬಂಧ ಸಿಗುತ್ತದೆ. ನಮ್ಮ ಶಾಲೆಯ ನಲ್ಲಿಯಲ್ಲಿ ನೀರು ಬರುತ್ತದೆಯೇ, ನಮ್ಮ ಬೀದಿಯಲ್ಲಿ ಸ್ಕೂಟರ್ ಓಡಿಸುವವರು ಯಾರು ಎಂಬುದು ಮೊಬೈಲಿಗೆ ಗೊತ್ತಿಲ್ಲ. ಅದು ಮಗುವಿಗೆ ಮಾತ್ರ ಗೊತ್ತು.

ಶಿಕ್ಷಕರ ಆತಂಕ

ಕೆಲವು ಶಿಕ್ಷಕರಿಗೆ, ಪೋಷಕರಿಗೆ ಇಲ್ಲಿ ಅಳುಕು ಹುಟ್ಟುವುದು ಸಹಜ. ಹಕ್ಕುಗಳ ಮಾತು ಕಲಿತ ಮಕ್ಕಳು ಎದುರು ಮಾತಾಡುತ್ತಾರೆ, ಕರ್ತವ್ಯ ಕಲಿಸುವುದೇ ಮೇಲು ಎನ್ನುತ್ತಾರೆ. ಹಾಗಿದ್ದರೆ ಕರ್ತವ್ಯಗಳ ಪಟ್ಟಿಯನ್ನೇ ತೆರೆದು ನೋಡೋಣ. 1976ರಲ್ಲಿ 42ನೇ ತಿದ್ದುಪಡಿಯಿಂದ ಸೇರಿದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ತಿಳಿಯುವ ಮನೋಭಾವವನ್ನೂ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎಂದೇ ಇದೆ. ಪ್ರಶ್ನೆ ಕೇಳುವ ಮಗು ತನ್ನ ಕರ್ತವ್ಯವನ್ನೇ ಮಾಡುತ್ತಿದೆ.

ವಿವಾದವಾಗಬಹುದೆಂಬ ಹೆದರಿಕೆ ಇನ್ನೊಂದು. ಅದು ಸುಳ್ಳಲ್ಲ; ತರಗತಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುವ ಕಾಲ ಇದು. ಅದಕ್ಕಾಗಿಯೇ ನ್ಯಾಯಾಲಯ ಇತ್ಯರ್ಥ ಮಾಡಿ ಮುಗಿಸಿದ ಪ್ರಕರಣಗಳನ್ನು ಆರಿಸಿಕೊಳ್ಳಬೇಕು. ಆಗ ಚರ್ಚೆ ಎಷ್ಟೇ ಕಾವೇರಿದರೂ ಕೊನೆಯಲ್ಲಿ ಶಿಕ್ಷಕರು ತಮ್ಮ ಅಭಿಪ್ರಾಯ ಹೇಳಬೇಕಾಗಿಲ್ಲ, ತೀರ್ಪನ್ನು ಓದಿದರೆ ಸಾಕು. ಮಕ್ಕಳಿಗೂ ಒಂದು ಭರವಸೆ ಸಿಗುತ್ತದೆ: ಭಿನ್ನಾಭಿಪ್ರಾಯಕ್ಕೆ ಜಗಳವಾಡದೆ ಬಗೆಹರಿಸಿಕೊಳ್ಳುವ ಜಾಗವೊಂದು ಈ ದೇಶದಲ್ಲಿ ಇದೆ.

ಸಂವಿಧಾನದ ಹುಟ್ಟನ್ನೇ ನೋಡಿ. ಮಂಗಳೂರು ಮೂಲದ ಬೆನೆಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳಿದ್ದವು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯ ಕೈಯಲ್ಲಿ ಅದು 315 ಆಯಿತು. ಸದಸ್ಯರು 7,635 ತಿದ್ದುಪಡಿಗಳ ಸೂಚನೆ ಕೊಟ್ಟರು. 2,473 ತಿದ್ದುಪಡಿಗಳು ಸಭೆಯ ಮುಂದೆ ಚರ್ಚೆಗೆ ಬಂದವು. 1949ರ ನವೆಂಬರ್ 26ರಂದು 395 ವಿಧಿಗಳ ಸಂವಿಧಾನ ಅಂಗೀಕಾರವಾಯಿತು. ಅದರ ಸಾಲು ಸಾಲಿಗೂ ಆಕ್ಷೇಪ, ಉತ್ತರ, ಮರುಚಿಂತನೆಯ ಹಿನ್ನೆಲೆ ಇದೆ. ವಾದದಿಂದ ಹುಟ್ಟಿದ ಗ್ರಂಥವನ್ನು ವಾದಕ್ಕೆ ಎಡೆಯಿಲ್ಲದಂತೆ ಹೊಗಳಿಸುವುದು ಅದಕ್ಕೆ ತಕ್ಕ ಗೌರವವಾಗದು.

ಬರೆದದ್ದು ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಈಗ ಪ್ರಬಂಧಗಳು ಬಹುಮಾನ ವಿತರಣೆಯಾದ ಮೇಲೆ ಬೀರು ಸೇರುತ್ತವೆ. ಅವುಗಳಿಗೆ ಹೋಗಲು ತಕ್ಕ ಜಾಗ ಕರ್ನಾಟಕದಲ್ಲಿ ಆಗಲೇ ಇದೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದು, ಹಳ್ಳಿಯ ಮಕ್ಕಳು ತಮ್ಮೂರಿನ ಸಮಸ್ಯೆಗಳನ್ನು ಪಟ್ಟಿ ಮಾಡಿ ಪಂಚಾಯಿತಿಯ ಮುಂದಿಟ್ಟಿದ್ದರು. ಆಮೇಲೆ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ ಆದೇಶಿಸಿತು. ಎಷ್ಟೋ ಕಡೆ ಅದು ಭಾಷಣ, ಸಿಹಿ ಹಂಚಿಕೆಯಲ್ಲಿ ಮುಗಿಯುತ್ತದೆ. ಮಕ್ಕಳು ಎದ್ದು ನಿಂತು ಶೌಚಾಲಯ, ಕುಡಿಯುವ ನೀರು, ಶಾಲೆಯ ಪಕ್ಕದ ಹೆಂಡದ ಅಂಗಡಿಯ ಬಗ್ಗೆ ಕೇಳಿದ ಕಡೆ ನಿಜವಾದ ಸಭೆಯಾಗುತ್ತದೆ.

ಸ್ಪರ್ಧೆಯ ಅತ್ಯುತ್ತಮ ಮೂರು ಪ್ರಬಂಧಗಳನ್ನು ಬರೆದ ಮಕ್ಕಳೇ ಆ ಸಭೆಯಲ್ಲಿ ಓದಲಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನಡಾವಳಿಯಲ್ಲಿ ಬರೆದುಕೊಳ್ಳಲಿ. ಇಂಥ ದಿನದೊಳಗೆ ಇಂಥದ್ದು ಮಾಡುತ್ತೇವೆ, ಇದು ನಮ್ಮ ಕೈಯಲ್ಲಿಲ್ಲ, ಇದನ್ನು ಇಂಥ ಇಲಾಖೆಗೆ ಕಳಿಸಿದ್ದೇವೆ ಎಂದು ಲಿಖಿತ ಉತ್ತರ ಕೊಡಲಿ. ಉತ್ತರ ‘ಆಗದು’ ಎಂದಿದ್ದರೂ ಚಿಂತೆಯಿಲ್ಲ, ಕಾರಣ ಇರಬೇಕು. ಪ್ರಬಂಧದಲ್ಲಿ ನಾವು ಮಗುವಿನಿಂದ ಕೇಳಿದ್ದೂ ಅದನ್ನೇ ಅಲ್ಲವೇ: ಏನೇ ಹೇಳಿದರೂ ಕಾರಣ ಕೊಟ್ಟು ಹೇಳು ಎಂದು. ಮಕ್ಕಳ ಮೇಲೆ ಹಾಕಿದ ಆ ನಿಯಮವನ್ನು ಆಡಳಿತವೂ ಪಾಲಿಸಿದರೆ, ಪೌರನೀತಿಯನ್ನು ಅವರು ಪುಸ್ತಕದಿಂದ ಕಲಿಯುವುದಕ್ಕಿಂತ ಹೆಚ್ಚು ತಮ್ಮ ಊರಿನಿಂದಲೇ ಕಲಿಯುತ್ತಾರೆ.

ನವೆಂಬರ್ ಮತ್ತೆ ಬರುತ್ತದೆ, ಪತ್ರವೂ ಬರುತ್ತದೆ. ವಿಷಯ ಆರಿಸುವ ಅಧಿಕಾರ ಎಷ್ಟೋ ಸಲ ಶಾಲೆಯ ಶಿಕ್ಷಕರ ಕೈಯಲ್ಲೇ ಇರುತ್ತದೆ. ಸಮಾಜ ವಿಜ್ಞಾನದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನ ವಿನಂತಿ ಇಷ್ಟೇ: ‘ಮಹತ್ವ’ವನ್ನು ಈ ಸಲ ಬದಿಗಿಡಿ. ನಿಮ್ಮ ಊರಿನ ಮಕ್ಕಳಿಗೆ ತಾಗುವ ಒಂದು ಕಾನೂನನ್ನು ಆರಿಸಿ, ಅದನ್ನು ಸರಳ ಕನ್ನಡದಲ್ಲಿ ಹತ್ತು ಸಾಲಿನಲ್ಲಿ ವಿವರಿಸಿ, ಅದರ ಕೆಳಗೆ ಒಂದು ಪ್ರಶ್ನೆ ಬರೆಯಿರಿ. ಮಕ್ಕಳು ಏನು ಬರೆಯುತ್ತಾರೋ ಅದನ್ನು ಪೂರ್ತಿ ಓದಿ, ಅವರಿಗೆ ಉತ್ತರ ಕೊಡಿ.